ಬಲಬದಿಯ ಮುಖಗಳು

ಪಾರ್ಶ್ವವಾಯುವಿನ ನಂತರ ಬಿಗಿದುಕೊಂಡ ಕೈಕಾಲುಗಳನ್ನು ಸಡಿಲಿಸುವ ವಿದ್ಯೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಫಿಸಿಯೋಥೆರಪಿಸ್ಟರನ್ನು ವಾರ್ಡಿನ ಮುದುಕರೆಲ್ಲ ದೊಡ್ಡಕ್ಕ ಎಂದೇ ಕರೆಯುತ್ತಾರೆ. ತಮಗಿಂತ ಇಪ್ಪತ್ತು ವರ್ಷ ಹಿರಿಯರು ಹಾಗೆ ಕರೆದರೂ ಅವರು ಓಗೊಡುತ್ತಾರೆ. ಅವರ ಕೀರ್ತಿಯನ್ನು ಈ ಅಭಿನಂದನಾ ಸಂಪುಟದ ಬೇರೆ ಲೇಖನಗಳು ಹೇಳುತ್ತವೆ. ಇಲ್ಲಿರುವುದು ಅವರ ಒಂದು ತಪ್ಪು. ಅದನ್ನೇ ಬರೆಯಿರಿ ಎಂದವರೂ ಅವರೇ.

ಸೇವೆಯ ಒಂಬತ್ತನೆಯ ವರ್ಷ, ಎಪ್ಪತ್ತು ದಾಟಿದ ದರ್ಜಿಯೊಬ್ಬರು ಮನೆಯಿಂದ ದಿನವೂ ಬರತೊಡಗಿದರು. ಮಾತು ನಿಂತಿತ್ತು, ಬಲಗೈ ಮುಷ್ಟಿ ಕಟ್ಟಿತ್ತು. ಬೆರಳು ಬಿಡಿಸುವ ಮೊದಲು ದೊಡ್ಡಕ್ಕ ದಿನವೂ ಆರು ಮುಖಗಳ ಪಟ್ಟಿಯನ್ನು ಅವರೆದುರು ಹಿಡಿಯುತ್ತಿದ್ದರು. ಎಡತುದಿಯಲ್ಲಿ ನಗುವ ಮುಖ, ಬಲತುದಿಯಲ್ಲಿ ಅಳುವ ಮುಖ. ನೋವಿದ್ದಷ್ಟು ಬಲಕ್ಕೆ ಬೆರಳಿಡಬೇಕು. ದರ್ಜಿ ಯಾವತ್ತೂ ನಗುವ ಮುಖವನ್ನೇ ತೋರಿಸಿದರು. ಬೆರಳು ಬಿಡಿಸುವಾಗ ಕಣ್ಣೀರಿಳಿದರೆ, ಮೆದುಳಿಗೆ ಪೆಟ್ಟಾದವರು ಕಾರಣವಿಲ್ಲದೆ ಅಳುವುದುಂಟೆಂದು ದೊಡ್ಡಕ್ಕ ಓದಿದ್ದರು. ಮುಷ್ಟಿ ಬಿಗಿದಷ್ಟೂ ಬಲ ಹಾಕಿದರು. ಹನ್ನೊಂದು ವಾರ.

ಒಂದು ಬೆಳಿಗ್ಗೆ ದರ್ಜಿಯ ಹೆಂಡತಿ ಪಟ್ಟಿಯನ್ನು ಕಿತ್ತುಕೊಂಡರು. "ನಮ್ಮೋರು ಮೊದಲಿಂದ್ಲೂ ಹೀಗೇ, ಹೊರಗಿನೋರ ಮುಂದೆ ಹುಲಿ. ಮನೇಲಿ ಆ ಕೈಗೆ ಹೊದಿಕೆ ತಾಗಿದ್ರೆ ಸಾಕು, ಹೌಹಾರ್ತಾರೆ," ಎನ್ನುತ್ತ ಅದನ್ನು ತಾವು ಕೂತಿದ್ದ, ಗಂಡನ ಎಡಬದಿಗೆ ತಂದು ಹಿಡಿದರು. ದರ್ಜಿಯ ಬೆರಳು ಒಂದೊಂದೇ ಮುಖ ದಾಟಿ, ಅಳುವ ಮುಖದ ಮೇಲೆ ನಿಂತಿತು.

ದೊಡ್ಡಕ್ಕ ಪಟ್ಟಿಯನ್ನು ಮತ್ತೆ ಎದುರಿಗೆ ಹಿಡಿದರು. ಬೆರಳು ನಗುವ ಮುಖಕ್ಕೆ ಹೋಯಿತು. ಎಡಕ್ಕೆ ಸರಿಸಿದರು, ಅಳುವ ಮುಖಕ್ಕೆ. ಮೆದುಳಿನ ಅದೇ ಪೆಟ್ಟಿನಿಂದ ದರ್ಜಿಗೆ ಬಲಬದಿ ಕಾಣುತ್ತಲೇ ಇರಲಿಲ್ಲ; ಪಟ್ಟಿಯನ್ನು ಎದುರಿಗೆ ಹಿಡಿದಾಗ ಎಡತುದಿಯ ಒಂದೇ ಮುಖ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ಅಳುವ ಮುಖಗಳಿವೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ದೊಡ್ಡಕ್ಕ ಪಟ್ಟಿಯನ್ನು ಕೆಳಗಿಟ್ಟರು. ತುಟಿ ಬಿಚ್ಚದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಇವರು ಮುಚ್ಚಿಟ್ಟಿಲ್ಲ ತಾಯಿ. ನಾನು ಕೇಳಿದ ರೀತಿಯೇ ತಪ್ಪು. ಇಷ್ಟು ದಿನ ಹಿಂಸೆ ಕೊಟ್ಟಿದೀನಿ."

ಆ ತಾಯಿ ಗಂಡನ ಮುಷ್ಟಿಯ ಕಡೆ ನೋಡಿದರು. "ಅಲುಗಾಡಬೇಡಿ ಅಂತ ದಿನಾ ಇವರನ್ನ ಹಿಡ್ಕೊಂಡಿದ್ದೋಳು ನಾನೇ ಅಲ್ವಾ," ಎಂದರು.

ಆ ಕೈಯನ್ನು ದರ್ಜಿ ಇನ್ನು ದೊಡ್ಡಕ್ಕನಿಗೆ ಕೊಡುವರೇ ಎಂಬ ಪ್ರಶ್ನೆಯೊಂದೇ ಉಳಿಯಿತು. ಮರುದಿನ ದೊಡ್ಡಕ್ಕನನ್ನು ಕಂಡೊಡನೆ ದರ್ಜಿ ಮುಷ್ಟಿಯನ್ನು ಎದೆಗೊತ್ತಿಕೊಂಡರು. ನೋವಿಗೆ ಔಷಧ ಶುರುವಾಯಿತು. ದೊಡ್ಡಕ್ಕ ಎಂಟು ದಿನ ಎಡಬದಿಯಲ್ಲಿ ಸ್ಟೂಲ್ ಹಾಕಿಕೊಂಡು, ಮುಟ್ಟದೆ ಕೂತರು. ಒಂಬತ್ತನೆಯ ದಿನ ದರ್ಜಿ ಎಡಗೈಯಿಂದ ಬಲಗೈಯನ್ನೆತ್ತಿ ಅವರ ಮಡಿಲಿಗಿಟ್ಟರು. ಅಂದು ದೊಡ್ಡಕ್ಕ ಬೆರಳು ಬಿಡಿಸಲಿಲ್ಲ. ಕೆಳಗೆ ತಮ್ಮ ಅಂಗೈಯಿಟ್ಟು ಹಾಗೇ ಇದ್ದರು.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬರುವೆನೆಂದಿದ್ದಾರೆ. ಅವರಿಗೆ ದೀರ್ಘಾಯುಷ್ಯವಿರಲಿ, ಜೊತೆಗೆ ಗಟ್ಟಿ ಬೆನ್ನೂ ಇರಲಿ. ಬಿಗಿದ ಕೈಗಳು ಇನ್ನೂ ಬರುತ್ತವೆ. ಅವು ತಾವಾಗಿ ಮಡಿಲಿಗೆ ಬರುವವರೆಗೆ ಕಾಯಬಲ್ಲವರೊಬ್ಬರು ಈ ಕೊಠಡಿಯಲ್ಲಿರಬೇಕು.