ಜಪಾನಿನಿಂದ ತಂದ ಸುಳ್ಳು ಪ್ರಸಾದ

ಅಕ್ಕ ಕೈಕಾಲು ತೊಳೆದು ಬಂದು, ನಾನು ಜಪಾನಿನಿಂದ ತಂದ ಎಲೆಯಾಕಾರದ ಸಿಹಿಯನ್ನು ದೇವರ ಪಟದ ಮುಂದಿಟ್ಟು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದಳು. ಒಳಗೆ ನಮ್ಮ ಹೋಳಿಗೆಯಲ್ಲಿರುವಂಥದೇ ಹೂರಣ. ಮರುದಿನ ದುಬೈಯ ಆಸ್ಪತ್ರೆಯಲ್ಲಿ ಅವಳಿಗೆ ಆಪರೇಷನ್ ಇತ್ತು.

“ಅಷ್ಟು ದೂರದ ದೇವ್ರಿಗೆ ನೀ ಹೇಳ್ಕೊಂಡು ಬಂದಿದ್ಯಲ್ಲ ತಮ್ಮಾ, ಇನ್ನು ನಂಗೆಂತ ಹೆದ್ರಿಕೆ ಮಾರಾಯಾ?” ಎಂದಳು. ನಾನು ಹೂಂ ಎಂದುಬಿಟ್ಟೆ.

ನಡೆದದ್ದೇ ಬೇರೆ. ನಾನು ದುಬೈಯಲ್ಲಿ ಡ್ರೈವರ್. ಧಣಿಗಳು ತಮ್ಮ ತಾಯಿಯ ಗಾಲಿಕುರ್ಚಿ ತಳ್ಳಲು ನನ್ನನ್ನೂ ಜಪಾನಿಗೆ ಕರೆದೊಯ್ದಿದ್ದರು. ಒಂದು ದಿನ ದೋಣಿಯಲ್ಲಿ ಮಿಯಾಜಿಮಾ ಎಂಬ ಪುಣ್ಯದ್ವೀಪಕ್ಕೆ ಹೋದೆವು. ಅಲ್ಲಿ ತನ್ನ ಹೆಸರು ಹೇಳಿ ಕೈಮುಗಿಯಬೇಕೆಂದು ಅಕ್ಕ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಆದರೆ ದೇವಸ್ಥಾನಕ್ಕಿಂತ ಮೊದಲು ಸಿಕ್ಕಿದ್ದು ಕೆಂಡದ ಮೇಲೆ ಸುಡುತ್ತಿದ್ದ ಸಿಂಪಿ ಚಿಪ್ಪುಮೀನುಗಳ ವಾಸನೆ. ಕರಾವಳಿಯವನ ಮೂಗು ಕೇಳಬೇಕಲ್ಲ! ಒಂದೇ ಒಂದು ಎಂದು ಶುರುಮಾಡಿ ಎಂಟು ಮುಗಿಸಿದೆ. ಮೀನು ಮಾಂಸ ತಿಂದ ದಿನ ನಾವು ದೇವಸ್ಥಾನದ ಮೆಟ್ಟಿಲು ಹತ್ತುವವರಲ್ಲ ಎಂಬುದು ನೆನಪಾದದ್ದು ಬಾಯಿ ಒರೆಸಿಕೊಂಡ ಮೇಲೆ. ಗಾಲಿಕುರ್ಚಿಯನ್ನು ಧಣಿಗಳ ಕೈಗೆ ಕೊಟ್ಟು ಹೊರಗೇ ಉಳಿದೆ. ಅಲ್ಲಿಂದಲೇ ಕೈಮುಗಿಯಬಹುದಿತ್ತು, ಅಷ್ಟೂ ಬುದ್ಧಿ ಓಡಲಿಲ್ಲ. ದೋಣಿ ಹತ್ತುವಲ್ಲಿದ್ದ ಅಂಗಡಿಯಿಂದ ಸಿಹಿ ಕೊಂಡು ಬಂದೆ.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ಈಗಲೂ ಕಂಡವರಿಗೆಲ್ಲ ಆ ದ್ವೀಪದ ಮಹಿಮೆ ಹೇಳುತ್ತಾಳೆ. ಏಳನೇ ಕ್ಲಾಸು ಓದಿದ ನನಗೆ ಜಪಾನ್ ಪೂರ್ವಕ್ಕಿದೆ ಎಂದಷ್ಟೇ ಗೊತ್ತು. ದಿನಾ ಬೆಳಿಗ್ಗೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ರೂಮಿನ ಬಾಲ್ಕನಿಯಲ್ಲಿ ಆ ಕಡೆ ತಿರುಗಿ, ಚಹಾವನ್ನೂ ಕುಡಿಯದೆ, ಅವಳ ಹೆಸರು ಹೇಳಿ ಕೈಮುಗಿಯುತ್ತೇನೆ.