ಬಾಗಿಲು ನೋಡುತ್ತಿದ್ದ ಕಣ್ಣು

ಆಕೆಯ ಬಲಗಣ್ಣಿನಲ್ಲಿ ಹೂ ಬಿದ್ದಿತ್ತು, ಹಾಲಿನ ಹನಿ ಹೆಪ್ಪುಗಟ್ಟಿದ ಹಾಗೆ. ಉಳಿದ ಒಂದೇ ಕಣ್ಣಿನಿಂದ ಆಕೆ ಕಂಡದ್ದನ್ನು ಹೇಳಲು ನಾನು ವರ್ಷಗಟ್ಟಲೆ ಹಿಂಜರಿದೆ.

ಬಸವನ ಬಾಗೇವಾಡಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಇತ್ತು. ವರನ ಕಡೆಗೆ ಕಳಿಸುವ ಫೋಟೋ ತೆಗೆಸಲು ಬಂದ ಹುಡುಗಿಯರ ಸೆರಗು ಸರಿಮಾಡಿ, ಗದ್ದ ತುಸು ಎತ್ತಿ ಕೂರಿಸುವುದು ಆಕೆಯ ಕೆಲಸ. ಇಂಗಳೇಶ್ವರದಿಂದ ದಿನಾ ಬರುತ್ತಿದ್ದಳು. "ಮಾಲಕರ, ಈಕಿಗೆ ಹಲ್ಲು ನೋವೈತಿ, ನಗಸಬ್ಯಾಡ್ರಿ" ಎಂದರೆ ಅದು ನಿಜವೇ ಇರುತ್ತಿತ್ತು. "ಜೋತಿಷ್ಯ ಹೇಳಾಕ ಕುಂದರು ನೀ" ಎಂದು ನಾನು ತಮಾಷೆ ಮಾಡುತ್ತಿದ್ದೆ. "ನನಗ ಅಂಗೈ ಬ್ಯಾಡ್ರಿ, ಮಾರಿ ಸಾಕು" ಎನ್ನುತ್ತಿದ್ದಳು.

ಒಮ್ಮೆ ಗೊಳಸಂಗಿ ಕಡೆಯ ತಂದೆಯೊಬ್ಬ ಡಿಗ್ರಿ ಓದುವ ಮಗಳನ್ನು ಕರೆತಂದ. ಅವನು ಹೊರಗೆ ನಿಂತಾಗ, ಹುಡುಗಿಯ ಸೆರಗು ಸರಿಮಾಡುತ್ತಿದ್ದ ಆಕೆ ನನ್ನ ಹತ್ತಿರ ಬಂದಳು. "ಫೋಟೋ ತಗೀಬ್ಯಾಡ್ರಿ. ಹುಡುಗಿ ಅಂಜ್ಯಾಳ."

"ನಾಚಿಕಿ ಅದು."

"ನಾಚಿಕಿ ಇದ್ರ ಕಣ್ಣು ನೆಲಾ ನೋಡತಾವ. ಇವು ಬಾಗಲಾ ನೋಡಾಕತ್ತಾವ. ಅವರವ್ವನ್ನ ಕರಸ್ರಿ."

"ಅವರ ಮನೀ ಮಾತು ನಮಗ್ಯಾಕ?"

ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ತುಟಿಯ ತುದಿಗಳನ್ನು ಕೂದಲೆಳೆಯಷ್ಟು ಮೇಲಕ್ಕೆಳೆದೆ. ಗಂಡಿನವರು ಒಪ್ಪಿದರು.

ಮದುವೆಯಾದ ಮೂರು ತಿಂಗಳಿಗೆ ಹುಡುಗಿ ತೀರಿಕೊಂಡಳು. ಹೇಗೆಂದು ಯಾರೂ ಬಾಯಿಬಿಡಲಿಲ್ಲ. ತಾಯಿ ಅದೇ ಫೋಟೋ ಹಿಡಿದು ಬಂದಳು. "ಅವತ್ತು ಆಕಿ ಖರೇನ ನಕ್ಕಿದ್ಲೇನ್ರಿ?"

ಪಕ್ಕದಲ್ಲಿ ನಿಂತಿದ್ದ ಆಕೆಯತ್ತ ಕೈ ತೋರಿಸಿದೆ. "ನಾ ಕ್ಯಾಮೆರಾದ ಹಿಂದ ಇದ್ದೆವ್ವಾ. ಹತ್ರ ಇದ್ದಾಕಿ ಈಕಿ. ನನಗೇನೂ ಹೇಳಲಿಲ್ಲ."

ತಾಯಿ ಆಕೆಯತ್ತ ತಿರುಗಿದಳು. "ನೀನೂ ಹೆಣ್ಣಲ್ಲೇನ?"

ಆಕೆ ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ "ತಪ್ಪಾತವ್ವಾ" ಎಂದು ಆ ತಾಯಿಯ ಎರಡೂ ಕೈ ಹಿಡಿದುಕೊಂಡಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಇಂಗಳೇಶ್ವರ ಎಷ್ಟು ದೂರ? ಆದರೂ ನಾನು ಹೋದದ್ದು ಆಕೆ ಸತ್ತ ದಿನವೇ. "ಅವ್ವಂದೊಂದು ಫೋಟೋ ಇದ್ರ ಕೊಡ್ರಿ" ಎಂದಳು ಮಗಳು. ಮನೆಗೆ ಬಂದು ಹಳೆಯ ಫೋಟೋಗಳಲ್ಲೆಲ್ಲ ಹುಡುಕಿದೆ. ಯಾರದೋ ಗದ್ದದ ಕೆಳಗೆ ಆಕೆಯ ಎರಡು ಬೆರಳು ಸಿಕ್ಕವು. ಉಳಿದುದನ್ನೆಲ್ಲ ನಾನೇ ಕತ್ತರಿಸಿದ್ದೆ.

ಮುಖದ ಭಾವವನ್ನು ಗಂಡಸರಿಗಿಂತ ಹೆಂಗಸರು ಸಾಮಾನ್ಯವಾಗಿ ಬೇಗ ಹಿಡಿಯುತ್ತಾರಂತೆ, ಮಿದುಳಿನ ರೀತಿಯೇ ತುಸು ಬೇರೆಯಂತೆ ಎಂದು ನರ್ಸಿಂಗ್ ಓದುವ ಮೊಮ್ಮಗಳು ಮೊನ್ನೆ ಹೇಳಿದಳು. ಕ್ಷಣಹೊತ್ತು ಎದೆ ಹಗುರಾಯಿತು. ಕಾಣದಿದ್ದುದಕ್ಕೆ ಮಿದುಳು ಕಾರಣವಿರಬಹುದು. ಆಕೆ ಬಾಯಿಬಿಟ್ಟು ಹೇಳಿದ್ದಳಲ್ಲ, ಅದಕ್ಕೆ?

ತೀರಿಕೊಂಡ ಹುಡುಗಿಯ ತಾಯಿಯ ಕಾಲು ಹಿಡಿದು ನಿಜ ಹೇಳಿ ಬಂದೆ. ನಾನು ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನೇ, ನನ್ನ ಸ್ಟುಡಿಯೋದಲ್ಲಿ ಸೆರಗು ಸರಿಮಾಡುತ್ತಿದ್ದ ಆ ಅಕ್ಕನನ್ನು.