ಒಂದೇ ಗೆರೆ, ಸಹಿ, ತಾರೀಖು

ನಾನು ಔಷಧ ಕಾರ್ಖಾನೆಯೊಂದರ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಅಲ್ಲಿಗೆ ರಬ್ಬರು ತರುವಂತಿರಲಿಲ್ಲ, ಅಕ್ಷರ ಮುಚ್ಚುವ ಬಿಳಿ ಬಣ್ಣವಂತೂ ಇಲ್ಲವೇ ಇಲ್ಲ. ತಯಾರಿಕೆಯ ಹಾಳೆಯಲ್ಲಿ ಯಾರಾದರೂ ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ತಪ್ಪು ಓದಲು ಬರುವಂತೆಯೇ ಇರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಬೇಕು. ಗೀಚಿ ಕಪ್ಪು ಮಾಡಿದ ಹಾಳೆ ನನ್ನ ಮೇಜಿಗೆ ಬಂದರೆ ಆ ಪಾಳಿಯವರನ್ನು ನಾನು ಊಟಕ್ಕೂ ಬಿಡುತ್ತಿರಲಿಲ್ಲ.

ನಿವೃತ್ತಿಯಾದ ಮೇಲೂ ಈ ಚಾಳಿ ಹೋಗಲಿಲ್ಲ. ಐದಕ್ಕೆ ಏಳುವುದು, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ಚಹಾ. ಸೊಸೆ ಹೈದರಾಬಾದಿನ ನಾರಾಯಣಗೂಡದ ನಮ್ಮ ಮನೆಗೆ ಬಂದ ಹೊಸತರಲ್ಲಿ ಫ್ರಿಜ್ ತೆರೆದು ಡಬ್ಬಿಗಳ ಮೇಲಿನ ಚೀಟಿ ನೋಡಿ, "ಅತ್ತೀ, ಈ ಮನ್ಯಾಗ ದ್ವಾಸಿ ಹಿಟ್ಟಿಗೂ ಹುಟ್ಟಿದ ತಾರೀಖ ಐತೇನ್ರಿ?" ಎಂದು ಕೇಳಿದ್ದಳು.

ಅವಳು ಬೀದರ್ ಕಡೆಯವಳು. ಔಷಧ ವಿಜ್ಞಾನ ಓದಿ, ಆಮೇಲೆ ಕಾನೂನು ಓದಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ಮೂರು ವರ್ಷ ಪೇಟೆಂಟ್ ದಾವೆಗಳ ಕೆಲಸ ಮಾಡಿದಳು. ಅಷ್ಟರಲ್ಲಿ ಅವಳ ತಂದೆ ಹಾಸಿಗೆ ಹಿಡಿದರು. ಒಬ್ಬಳೇ ಮಗಳು. ಎರಡು ವರ್ಷ ಬೀದರಿನಲ್ಲೇ ಉಳಿದು ಅವರ ಸೇವೆ ಮಾಡಿದಳು. ಅವರು ತೀರಿಕೊಂಡ ಮೇಲೆ ಹೈದರಾಬಾದಿಗೆ ಮರಳಿ ಕೆಲಸ ಹುಡುಕಲು ನಿಂತಳು.

ಆ ಹುಡುಕಾಟಕ್ಕೂ ನಾನೊಂದು ವೇಳಾಪಟ್ಟಿ ಮಾಡಿಕೊಟ್ಟೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಯಾವ ದಿನ ಎಲ್ಲಿಗೆ ಅರ್ಜಿ ಹಾಕಿದಳು, ಯಾರು ಉತ್ತರ ಕೊಟ್ಟರು ಎಂದು ನಾನೇ ಬರೆಯುತ್ತಿದ್ದೆ. ಮೊದಲು ವಕೀಲರ ದೊಡ್ಡ ಸಂಸ್ಥೆಗಳಿಗೆ ಹಾಕಿದೆವು. ಪ್ರತಿಯೊಬ್ಬರೂ ಕೇಳುವುದು ಒಂದೇ ಮಾತು: ಈ ಎರಡು ವರ್ಷ ಎಲ್ಲಿದ್ದಿರಿ? ಇವಳು ಇದ್ದದ್ದನ್ನು ಹೇಳುವಳು. ಅವರು ತಿಳಿಸುತ್ತೇವೆ ಎನ್ನುವರು. ಮುಂದಿನ ಕಾಲಂ ಖಾಲಿ. ಹದಿನಾಲ್ಕು ಸಾಲು ಹೀಗೇ ತುಂಬಿದವು. ಹದಿನೈದನೆಯದು ಮಾದಾಪುರದಲ್ಲಿ ಕಚೇರಿಯಿರುವ ಔಷಧ ಕಂಪನಿಯ ಕಾನೂನು ವಿಭಾಗ.

ಅರ್ಜಿಗೆ ಕೊನೆಯ ದಿನವೇ ಅವಳ ತಂದೆಯ ಮೂರನೆಯ ತಿಂಗಳ ತಿಥಿ ಬಂತು. ಅವಳು, ನನ್ನ ಮಗ ಇಬ್ಬರೂ ಬೀದರಿಗೆ ಹೋಗಿದ್ದರು. ಅಲ್ಲಿಂದಲೇ ಫೋನಿನಲ್ಲಿ ಪಾಸ್‌ವರ್ಡ್ ಹೇಳಿ, ನೀವೇ ತುಂಬಿಬಿಡಿ ಎಂದಳು. ಕಂಪನಿಯದು ತನ್ನದೇ ಫಾರ್ಮು, ಬೇರೆ ಬಯೋಡಾಟಾ ಬೇಕಿರಲಿಲ್ಲ. ವಕೀಲಿ ಎಂದಿನಿಂದ ಎಂದಿನವರೆಗೆ ಎಂಬ ಕಾಲಂ ಬಂತು. ನಾನು ಕಪಾಟಿನಿಂದ, ವಕೀಲರ ಪರಿಷತ್ತು ಕೊಟ್ಟಿದ್ದ ಅವಳ ಸನದು ತೆಗೆದು ಅದರ ಮೇಲಿನ ತಾರೀಖು ಬರೆದೆ. ಸನದು ರದ್ದಾಗಿಲ್ಲವಲ್ಲ, ಆದ್ದರಿಂದ 'ಇಂದಿನವರೆಗೆ' ಎಂದು ಹಾಕಿದೆ. ಹೀಗೆ ಅನುಭವ ಐದು ವರ್ಷವಾಯಿತು. ತಿಥಿಯ ಹೊತ್ತಿನಲ್ಲಿ ಫೋನ್ ಮಾಡಿ ಕೇಳುವುದು ಸರಿಯಲ್ಲವೆಂದು ಕೇಳಲೂ ಇಲ್ಲ. ಕಳಿಸಿ, ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿದೆ.

ಎರಡು ಸಂದರ್ಶನಗಳಾದವು. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವಾಗ ಆಸ್ಪತ್ರೆಯೊಡನೆ ಮಾಡಿಕೊಳ್ಳುವ ಕರಾರು, ಪೇಟೆಂಟಿಗೆ ಬರುವ ತಕರಾರು, ಇಂಥವನ್ನೇ ಕೇಳಿದರಂತೆ. ಎರಡು ವರ್ಷದ ಮಾತು ಯಾರೂ ಎತ್ತಲಿಲ್ಲ. ಔಷಧ ಕಂಪನಿಯವರು ದೊಡ್ಡ ಮನಸ್ಸಿನವರು ಎಂದುಕೊಂಡೆವು. ಆಯ್ಕೆಯಾಗಿದೆ ಎಂಬ ಪತ್ರ ಗುರುವಾರ ಬಂತು. ಅದರ ಕೆಳಗೆ, ಐದು ವರ್ಷದ ಅನುಭವಕ್ಕೆ ಪ್ರಮಾಣಪತ್ರ ತರಬೇಕು ಎಂದಿತ್ತು.

"ಐದು ಎಲ್ಲಿಂದ ಬಂತ್ರಿ?" ಎಂದಳು ಸೊಸೆ.

ನಾನು ಫಾರ್ಮು ತೆಗೆದು ತೋರಿಸಿದೆ. ಅವಳು ಆ ಕಾಲಂ ಓದಿದಳು. ಆಮೇಲೆ ದನಿ ಏರಿಸದೆ ಹೇಳಿದಳು: "ಮೂವತ್ತ ವರ್ಷ ಮಂದೀ ತಪ್ಪ ಹಿಡಿದ್ರಿ ಅತ್ತೀ. ನಿಮ್ಮದು ಬಂದು ನನ್ನ ಫಾರ್ಮಿನ್ಯಾಗ ಕುಂತತಿ."

ಹೌದು ಎಂದೆ.

ಈ ಕೆಲಸದ ಸುದ್ದಿ ಕೊಟ್ಟಿದ್ದ ಏಜೆಂಟನಿಗೆ ಅವಳು ಫೋನ್ ಮಾಡಿದಳು. ಅವನು ನಕ್ಕನಂತೆ. ಹಳೆಯ ಸೀನಿಯರ್ ಹತ್ತಿರ ಐದು ವರ್ಷವೆಂದು ಒಂದು ಪತ್ರ ಬರೆಸಿ ತನ್ನಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದನಂತೆ. ಅವಳು ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಕೇಳಿದ್ರ ಸೀನಿಯರ್ ಇಲ್ಲ ಅನ್ನಂಗಿಲ್ರಿ. ಭಾಳ ಛಲೋ ಮನಶಾರು."

"ಛಲೋ ಮನಶಾರ ಕಡೆ ಸುಳ್ಳು ಬರಸಾಕ ಹೊಂಟೀಯೇನು?"

"ಮತ್ತ ಖರೇ ಹೇಳಿದ್ರ ಹದಿನೈದನೇ ಸಾಲೂ ಖಾಲಿ ಆಗತೈತ್ರಿ. ಹದಿನಾರನೇದು ಎಲ್ಲಿ ಐತಿ, ತೋರಸ್ರಿ."

ನೋಟ್‌ಬುಕ್ಕಿನಲ್ಲಿ ಹದಿನಾರನೆಯ ಸಾಲಿರಲಿಲ್ಲ. ಕೆಲಸ ಹೋದರೆ ಹೋಗುವುದು ಅವಳದು, ನನ್ನದಲ್ಲ. ಹಾಗಾಗಿ ಹೀಗೇ ಮಾಡು ಎಂದು ಹೇಳುವ ಬಾಯಿ ನನಗಿರಲಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಏನು ಮಾಡುತ್ತಿದ್ದೆವು ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದೆ. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ನಾನು ಊಟಕ್ಕೆ ಕರೆಯಲು ಬಂದಾಗ ಅವಳು ಫಾರ್ಮನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡಿದ್ದಳು. 'ಇಂದಿನವರೆಗೆ' ಎಂಬುದರ ಮೇಲೆ ಸ್ಕೇಲಿಟ್ಟು ಒಂದೇ ಗೆರೆ. ಪಕ್ಕದಲ್ಲಿ ಕೆಲಸ ಬಿಟ್ಟ ದಿನ, ಸಹಿ, ತಾರೀಖು. ಅಂಚಿನಲ್ಲಿ ಸಣ್ಣಗೆ ಕಾರಣ: ತಂದೆಯ ಆರೈಕೆಗಾಗಿ ಎರಡು ವರ್ಷ ವಕೀಲಿ ಮಾಡಿಲ್ಲ, ಮನೆಯವರು ತುಂಬುವಾಗ ತಪ್ಪಾಗಿದೆ. ಅದರ ಫೋಟೊವನ್ನು ಕಂಪನಿಯ ಕಾನೂನು ಮುಖ್ಯಸ್ಥೆಗೆ ಕಳಿಸಿಯೂ ಆಗಿತ್ತು.

ಶುಕ್ರವಾರ ಉತ್ತರವಿಲ್ಲ. ಶನಿವಾರ, ಭಾನುವಾರ ರಜೆ. ಸೋಮವಾರವೂ ಇಲ್ಲ. ಮನಸ್ಸನ್ನು ಬೇರೆ ಕಡೆ ಹಾಕಲೆಂದು ಬೇಗಂ ಬಜಾರಿಗೆ ಹೋಗಿ ವರ್ಷದ ಮೆಣಸಿನಕಾಯಿ ತಂದೆವು. ದಾರಿಯುದ್ದಕ್ಕೂ ಅವಳು ಕೈಯಲ್ಲಿ ಫೋನ್ ಹಿಡಿದೇ ಇದ್ದಳು. ನನ್ನ ಮೇಲೆ ಸಿಟ್ಟಾದಂತೆ ಕಾಣಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಮಂಗಳವಾರ ಹನ್ನೊಂದಕ್ಕೆ ಆ ಮುಖ್ಯಸ್ಥೆಯೇ ಫೋನ್ ಮಾಡಿದರು. ಸೊಸೆ ಬಾಲ್ಕನಿಯಲ್ಲಿ ನಿಂತು ತೆಲುಗಿನಲ್ಲಿ ಮಾತಾಡಿದಳು. ನಾನು ಒಳಗೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ, ಮುರಿದವನ್ನೇ ಮತ್ತೆ ಮುರಿಯುತ್ತಿದ್ದೆ ಅನ್ನಿಸುತ್ತದೆ. ಅವಳು ಒಳಗೆ ಬಂದು ನನ್ನೆದುರು ನೆಲದ ಮೇಲೆ ಕುಳಿತಳು.

"ಹುದ್ದಾದಾಗ ಒಂದು ದರ್ಜೆ ಕೆಳಗ ಹಾಕ್ಯಾರ್ರಿ. ಸೇರೂ ತಾರೀಖ ಮೊದಲಿಂದೇ ಐತ್ರಿ."

"ಮತ್ತ ಆ ಹಾಳಿ?"

"ಫೈಲಿನ್ಯಾಗ ಹಾಂಗೇ ಇಡತಾರಂತ. ಪ್ರಮಾಣಪತ್ರ ಕೊಟ್ಟ ಮ್ಯಾಲ ಹೆಂಗೂ ಸೀನಿಯರ್‌ಗೆ ಫೋನ್ ಹಚ್ಚಿ ವಿಚಾರಸ್ತಿದ್ರಂತ್ರಿ."

ಆಮೇಲೆ ಅವಳು ಒಂದು ಹಿಡಿ ಮೆಣಸಿನಕಾಯಿ ತನ್ನ ಕಡೆ ಎಳೆದುಕೊಂಡು ತೊಟ್ಟು ಮುರಿಯತೊಡಗಿದಳು.

ಸಂಬಳದ ಕೆಲಸಕ್ಕೆ ಸೇರುವ ವಕೀಲರು ಸನದನ್ನು ಅಮಾನತಿನಲ್ಲಿಡಲು ವಕೀಲರ ಪರಿಷತ್ತಿಗೆ ಅರ್ಜಿ ಕೊಡಬೇಕು. ಅಂದು ಮಧ್ಯಾಹ್ನ ಸೊಸೆ ಆ ಅರ್ಜಿ ಬರೆಯಲು ಕೂತಳು. ಬರೆದು ಮುಗಿಸಿ ನನ್ನ ಕೈಗೆ ಕೊಟ್ಟು, "ಓದ್ರಿ ಅತ್ತೀ, ಪೆನ್ ಮಾತ್ರ ಮುಟ್ಟಬ್ಯಾಡ್ರಿ" ಎಂದಳು.

ಕೈ ಹಿಂದೆ ಕಟ್ಟಿ, ಮೇಜಿನ ಮೇಲಿಟ್ಟೇ ಎರಡು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಸುಮ್ಮನೆ ಐದು ನಿಮಿಷ ಒರಗೋಣವೆಂದು ಹೋದ ನನಗೆ ನಿದ್ದೆ ಹತ್ತಿತು. ಅವತ್ತು ನಮ್ಮ ಮನೆಯಲ್ಲಿ ನಾಲ್ಕರ ಚಹಾ ಐದೂವರೆಗೆ ಆಯಿತು.